ಸಮಾರಂಭದ ಸಾರಿಗೆ: ಬರುವವರಿಗಿಂತ ಮೊದಲು ಹಿಂದಿರುಗುವವರ ಲೆಕ್ಕ

ಪ್ರಶ್ನೆ: ಅರಸೀಕೆರೆ ಬಳಿಯ ನಮ್ಮ ಕಾಲೇಜಿನ ಸುವರ್ಣ ಮಹೋತ್ಸವ ಬರುವ ಡಿಸೆಂಬರಿನಲ್ಲಿ ನಡೆಯಲಿದೆ. ಹಳೆಯ ವಿದ್ಯಾರ್ಥಿಗಳು, ಅವರ ಮನೆಯವರು, ಊರಿನವರು ಸೇರಿ ಮುಖ್ಯ ದಿನ ಸುಮಾರು 6,000 ಜನ ಬರುವ ಅಂದಾಜಿದೆ. ಕಾಲೇಜು ರೈಲು ನಿಲ್ದಾಣದಿಂದ 3 ಕಿ.ಮೀ. ದೂರದಲ್ಲಿದೆ. ಸಾರಿಗೆ ಸಮಿತಿಯ ಹೊಣೆ ನನ್ನದು. ಅದಾದ ಮೇಲೆ ಜೂನ್ ತಿಂಗಳಲ್ಲಿ ನನ್ನ ಮಗನ ಮದುವೆ ಹೆಣ್ಣಿನ ಊರಾದ ಬೆಳ್ತಂಗಡಿಯಲ್ಲಿದ್ದು, ಇಲ್ಲಿಂದ ಸುಮಾರು 180 ಜನರ ದಿಬ್ಬಣ ಹೋಗಬೇಕಾಗಿದೆ. ಎರಡಕ್ಕೂ ಒಂದೇ ಬಗೆಯ ಯೋಜನೆ ಸಾಕೇ? ಎಷ್ಟು ವಾಹನ ಬೇಕೆಂದು ಲೆಕ್ಕ ಹಾಕುವುದು ಹೇಗೆ?

ಉತ್ತರ: ಸಮಾರಂಭದ ಸಾರಿಗೆಯ ಬಗ್ಗೆ ಯೋಚಿಸಲು ಕುಳಿತ ಸಮಿತಿಗಳೆಲ್ಲ ಸಾಮಾನ್ಯವಾಗಿ ಜನರನ್ನು ಕರೆತರುವುದು ಹೇಗೆ ಎಂಬಲ್ಲಿಂದ ಆರಂಭಿಸುತ್ತವೆ. ತಾವು ದಯವಿಟ್ಟು ಇನ್ನೊಂದು ತುದಿಯಿಂದ ಆರಂಭಿಸಬೇಕೆಂದು ನನ್ನ ವಿನಂತಿ. ಬೆಳಿಗ್ಗೆ ಎಂಟಕ್ಕೆ ಕೆಲವರು ಬರುತ್ತಾರೆ, ಒಂಬತ್ತಕ್ಕೆ ಇನ್ನಷ್ಟು ಜನ, ಉದ್ಘಾಟನೆ ಮುಗಿಯುವ ಹೊತ್ತಿಗೆ ಉಳಿದವರು. ಬರುವಿಕೆ ಮೂರು ಗಂಟೆಗಳ ಉದ್ದಕ್ಕೆ ತಾನಾಗಿಯೇ ಹರಡಿಕೊಳ್ಳುತ್ತದೆ. ಆದರೆ ಸಂಜೆ ವಂದನಾರ್ಪಣೆ ಮುಗಿದ ಕೂಡಲೇ ಆರು ಸಾವಿರ ಜನರೂ ಒಟ್ಟಿಗೆ ಎದ್ದು ನಿಲ್ಲುತ್ತಾರೆ. ಎಲ್ಲರಿಗೂ ರೈಲಿನ ಹೊತ್ತು, ಕತ್ತಲಾಗುವ ಮುನ್ನ ಮನೆ ಸೇರುವ ಆತುರ, ದಣಿದ ಮಕ್ಕಳು, ಹಿರಿಯರು ಇರುತ್ತಾರೆ. ಯೋಜನೆ ಗಟ್ಟಿಯೋ ಸಡಿಲವೋ ಎಂಬುದು ಗೊತ್ತಾಗುವುದು ಆ ಒಂದು ಗಂಟೆಯಲ್ಲಿ. ಆದ್ದರಿಂದ ಹೊರಡುವ ಗಳಿಗೆಗೆ ಎಷ್ಟು ಬೇಕೋ ಅಷ್ಟನ್ನು ಮೊದಲು ಲೆಕ್ಕ ಹಾಕಿ. ಅಷ್ಟು ಒದಗಿಸಿದರೆ ಬರುವಾಗಿನ ಅಗತ್ಯ ಅದರೊಳಗೇ ಪೂರೈಸುತ್ತದೆ.

ಇದು ಬರೀ ಮಾತಲ್ಲ ಎಂಬುದಕ್ಕೆ ನಿಮ್ಮದೇ ಸಂದರ್ಭದ ಲೆಕ್ಕ ನೋಡೋಣ. ರೈಲಿನಲ್ಲಿ ಬಂದು ಹೋಗುವವರು 600 ಜನ ಎಂದಿಟ್ಟುಕೊಳ್ಳೋಣ. ಒಂದು ಬಸ್ಸಿಗೆ 45 ಜನರಂತೆ 14 ಟ್ರಿಪ್ ಬೇಕು. ಒಂದು ಬಸ್ಸು ಜನರನ್ನು ಹತ್ತಿಸಿಕೊಳ್ಳಲು 8 ನಿಮಿಷ, ಜನದಟ್ಟಣೆಯ ನಡುವೆ 3 ಕಿ.ಮೀ. ಸಾಗಲು 12 ನಿಮಿಷ, ಇಳಿಸಲು 4 ನಿಮಿಷ, ಮರಳಲು ಮತ್ತೆ 12 ನಿಮಿಷ, ಒಟ್ಟು 36 ನಿಮಿಷ ಹಿಡಿಯುತ್ತದೆ. ಬೆಳಿಗ್ಗೆ ಮೂರು ಗಂಟೆಗಳ ಅವಧಿಯಲ್ಲಿ ಒಂದೊಂದು ಬಸ್ಸು ಐದು ಸುತ್ತು ಹಾಕಬಲ್ಲದು. ಅಂದರೆ 3 ಬಸ್ಸು ಸಾಕು. ಸಂಜೆ ಅದೇ 600 ಜನರನ್ನು ಒಂದು ಗಂಟೆಯೊಳಗೆ ನಿಲ್ದಾಣಕ್ಕೆ ತಲುಪಿಸಬೇಕಾದರೆ ಒಂದು ಬಸ್ಸಿನಿಂದ ಎರಡೇ ಟ್ರಿಪ್ ಸಾಧ್ಯ: ಮೊದಲನೆಯದು 20ನೆಯ ನಿಮಿಷಕ್ಕೆ ತಲುಪುತ್ತದೆ, ಎರಡನೆಯದು 56ನೆಯ ನಿಮಿಷಕ್ಕೆ. ಹಾಗಾಗಿ 7 ಬಸ್ಸು ಬೇಕಾಗುತ್ತದೆ, ಕೆಟ್ಟು ನಿಂತರೆ ಇರಲೆಂದು ಇನ್ನೊಂದು. ಜನರೂ ಅವರೇ, ದೂರವೂ ಅದೇ, ಆದರೂ ಬೆಳಿಗ್ಗೆ ಮೂರು, ಸಂಜೆ ಎಂಟು. ಬೆಳಗಿನ ಲೆಕ್ಕವನ್ನೇ ನಂಬಿ ಮೂರು ಬಸ್ಸು ಗೊತ್ತುಮಾಡಿದ ಸಮಿತಿಯವರು ಸಂಜೆ ರೈಲು ತಪ್ಪಿದವರ ಮುಂದೆ ನಿಂತು ಉತ್ತರ ಹೇಳಬೇಕಾಗುತ್ತದೆ.

ಈ ಲೆಕ್ಕದಲ್ಲಿ ಹೆಚ್ಚಿನವರು ಮರೆಯುವುದು ಹತ್ತಿ ಇಳಿಯುವ ಹೊತ್ತನ್ನು. ದಾರಿ ಎಷ್ಟು ಹೊತ್ತಿನದೆಂಬುದು ಫೋನಿನ ನಕ್ಷೆಯಲ್ಲಿ ಸಿಗುತ್ತದೆ; ವಯಸ್ಸಾದವರು ಕಂಬಿ ಹಿಡಿದು ಮೆಟ್ಟಿಲು ಹತ್ತಿ, ಚೀಲ ಮೇಲಿಟ್ಟು, ಆಸನ ಹುಡುಕಿ ಕೂರಲು ಹಿಡಿಯುವ ಹೊತ್ತು ಅಲ್ಲಿ ಇರುವುದಿಲ್ಲ. ಹೀಗಾಗಿ ಹತ್ತುವ ಜಾಗದಲ್ಲಿ ಒಂದರ ಹಿಂದೆ ಒಂದು ಬಸ್ಸು ಕಾಯುವಂತೆ ಮಾಡುವ ಬದಲು ಒಟ್ಟಿಗೆ ಮೂರು ಬಸ್ಸುಗಳು ಪಕ್ಕಪಕ್ಕದಲ್ಲಿ ನಿಂತು ಜನರನ್ನು ಹತ್ತಿಸಿಕೊಳ್ಳುವಂತೆ ಸ್ಥಳ ಬಿಡಿ. ಬಸ್ಸು ಹಿಂದಕ್ಕೆ ಚಲಿಸುವ ಪ್ರಮೇಯವೇ ಬರಬಾರದು. ಜನಸಂದಣಿಯ ನಡುವೆ ರಿವರ್ಸ್ ತೆಗೆಯುವ ಬಸ್ಸಿನ ಹಿಂದೆ ಮಗುವೊಂದು ನಿಂತಿದ್ದರೆ ಚಾಲಕನಿಗೆ ಕಾಣುವುದಿಲ್ಲ. ಒಂದು ಕಡೆಯಿಂದ ಒಳಬಂದು, ಸುತ್ತಿ, ಇನ್ನೊಂದು ಕಡೆಯಿಂದ ಹೊರಹೋಗುವ ದಾರಿ ಕಾಲೇಜಿನ ಆವರಣದಲ್ಲಿ ಇಲ್ಲದಿದ್ದರೆ ಬಸ್ಸುಗಳನ್ನು ಒಳಗೆ ತರದೆ, ಹೊರಗೆ ತಿರುಗಲು ಅನುಕೂಲವಿರುವ ಸ್ಥಳದಲ್ಲಿಯೇ ನಿಲ್ಲಿಸುವುದು ಮೇಲು.

ಇನ್ನು 6,000 ಎಂಬ ಸಂಖ್ಯೆಯನ್ನು ಒಡೆಯಬೇಕು. ಅಷ್ಟು ಜನ ಯಾವ ಯಾವ ವಾಹನದಲ್ಲಿ ಬರುತ್ತಾರೆ ಎಂಬುದು ತಿಳಿಯದೆ ಮುಂದಿನ ಒಂದು ಹೆಜ್ಜೆಯನ್ನೂ ಇಡಲಾಗದು. ಹಳೆಯ ವಿದ್ಯಾರ್ಥಿಗಳ ನೋಂದಣಿ ಅರ್ಜಿಯಲ್ಲಿ ಎರಡೇ ಪ್ರಶ್ನೆ ಸೇರಿಸಿ: ‘ಯಾವ ಊರಿನಿಂದ, ಯಾವುದರಲ್ಲಿ ಬರುತ್ತೀರಿ?’, ‘ಎಷ್ಟು ಹೊತ್ತಿಗೆ ಹೊರಡಬೇಕಾಗಿದೆ?’ ಉದಾಹರಣೆಗೆ ಉತ್ತರಗಳು ಹೀಗೆ ಬಂದವೆನ್ನಿ: 1,800 ಜನ ಬೈಕು ಸ್ಕೂಟರುಗಳಲ್ಲಿ, 1,400 ಜನ ಕಾರುಗಳಲ್ಲಿ, 1,500 ಜನ ಊರಿನಿಂದ ಗೊತ್ತುಮಾಡಿಕೊಂಡ ಬಸ್ಸುಗಳಲ್ಲಿ, 1,000 ಜನ ರೈಲು ಮತ್ತು ಸರ್ಕಾರಿ ಬಸ್ಸುಗಳಲ್ಲಿ, ಉಳಿದ 300 ಜನ ನಡೆದು ಅಥವಾ ಆಟೋದಲ್ಲಿ. ಬೈಕಿಗೆ ಒಂದೂವರೆ ಜನ, ಕಾರಿಗೆ ಮೂರೂವರೆ ಜನ ಎಂಬ ಸರಾಸರಿ ಹಿಡಿದರೆ 1,200 ದ್ವಿಚಕ್ರ ವಾಹನಗಳು, 400 ಕಾರುಗಳು, ಮೂವತ್ತಕ್ಕೂ ಹೆಚ್ಚು ಬಸ್ಸುಗಳು ಬರುತ್ತವೆ. ಒಂದು ಕಾರು ನಿಲ್ಲಲು, ಅದರ ಬಾಗಿಲು ತೆರೆಯಲು, ಮುಂದೆ ಓಡಾಡಲು ಬೇಕಾದ ಜಾಗವೆಲ್ಲ ಸೇರಿ ಸುಮಾರು 25 ಚದರ ಮೀಟರ್ ಹಿಡಿಯಬೇಕು. ಆ ಪ್ರಕಾರ 400 ಕಾರುಗಳಿಗೆ ಎರಡೂವರೆ ಎಕರೆ ಬೇಕು. ದ್ವಿಚಕ್ರ ವಾಹನಗಳಿಗೆ ಒಂದು ಎಕರೆಯ ಆಸುಪಾಸು, ಬಸ್ಸಿಗೆ ತಲಾ 100 ಚದರ ಮೀಟರಿನಂತೆ ಮುಕ್ಕಾಲು ಎಕರೆಗೂ ಸ್ವಲ್ಪ ಹೆಚ್ಚು. ಕಾಲೇಜಿನ ಆಟದ ಮೈದಾನದಲ್ಲಿ ಶಾಮಿಯಾನವೂ ಊಟದ ಪಂಕ್ತಿಯೂ ಇರುವಾಗ ಅಲ್ಲೇ ವಾಹನ ನಿಲ್ಲಿಸುವ ಆಸೆ ಬಿಡಬೇಕು. ಡಿಸೆಂಬರಿನ ಹೊತ್ತಿಗೆ ರಾಗಿ ಕೊಯ್ಲು ಮುಗಿದ ಹೊಲಗಳು ಹತ್ತಿರದಲ್ಲಿ ಸಿಗಬಹುದು. ರೈತರೊಂದಿಗೆ ಈಗಲೇ ಮಾತನಾಡಿ, ಬಾಡಿಗೆ ಗೊತ್ತುಮಾಡಿ, ಬದುಗಳಿಗೆ ಹಾನಿಯಾದರೆ ಸರಿಪಡಿಸಿ ಕೊಡುವುದಾಗಿ ಬರೆದುಕೊಡಿ.

ಕೊಯ್ಲಾದ ಹೊಲದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. 2019ರ ಫೆಬ್ರವರಿ 23ರಂದು ಬೆಂಗಳೂರಿನ ಯಲಹಂಕದಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುತ್ತಿದ್ದಾಗ ವಾಹನ ನಿಲುಗಡೆಯ ಬಯಲಿನಲ್ಲಿ ಬೆಂಕಿ ಹತ್ತಿ ಸುಮಾರು 300 ಕಾರುಗಳು ಸುಟ್ಟುಹೋದವು. ಒಣಹುಲ್ಲು, ಗಾಳಿ, ಒತ್ತೊತ್ತಾಗಿ ನಿಂತ ಕಾರುಗಳು ಇವಿಷ್ಟು ಸೇರಿದರೆ ಒಂದು ಕಿಡಿ ಸಾಕು. ಓಡಿ ಬಂದು ನಿಂತ ಕಾರಿನ ಬಿಸಿ ಸೈಲೆನ್ಸರ್ ಒಣಹುಲ್ಲನ್ನು ಹೊತ್ತಿಸಬಲ್ಲದು; ಯಾರೋ ಎಸೆದ ಬೀಡಿ ತುಂಡೂ ಅಷ್ಟನ್ನೇ ಮಾಡುತ್ತದೆ. ಆದ್ದರಿಂದ ನಿಲುಗಡೆಯ ಹೊಲದ ಕೂಳೆ ಮತ್ತು ಹುಲ್ಲನ್ನು ಮುಂಚೆಯೇ ಕಿತ್ತು ತೆಗೆಸಿ, ಹಿಂದಿನ ಸಂಜೆ ನೀರು ಹೊಡೆಸಿ, ಐವತ್ತು ಕಾರುಗಳಿಗೊಂದರಂತೆ ಅಗಲವಾದ ಖಾಲಿ ಓಣಿ ಬಿಡಿ. ನೀರಿನ ಟ್ಯಾಂಕರ್ ಒಂದನ್ನು ಹೊಲದ ಬದಿಯಲ್ಲಿಯೇ ನಿಲ್ಲಿಸಿ. ಅಗ್ನಿಶಾಮಕ ಠಾಣೆಗೆ ಮುಂಚಿತವಾಗಿ ಪತ್ರ ಕೊಟ್ಟು, ಅವರ ವಾಹನ ಒಳಬರಲು ಯಾವ ದಾರಿ ಎಂಬುದನ್ನು ಸ್ಥಳದಲ್ಲಿಯೇ ತೋರಿಸಿ. ಸಮಿತಿಗಳು ಇದಕ್ಕೆ ಮಾಡಲು ಹಿಂಜರಿಯುವ ವೆಚ್ಚ ನಿಜಕ್ಕೂ ಅಲ್ಪ.

ಹೊಲದ ವಿಸ್ತಾರಕ್ಕಿಂತ ಅದರ ಬಾಯಿ ಮುಖ್ಯ. ಕಾರುಗಳು ನಿಲ್ಲದೆ ಒಳಸರಿದರೆ ಒಂದು ದ್ವಾರದಲ್ಲಿ ಗಂಟೆಗೆ 350ರಿಂದ 400 ಕಾರು ಹೋಗುತ್ತವೆ. ಅಲ್ಲಿಯೇ ಒಬ್ಬ ಹುಡುಗನನ್ನು ನಿಲ್ಲಿಸಿ ಚೀಟಿ ಹರಿದು ಹಣ ಪಡೆಯಲು ಹೇಳಿದರೆ ಒಂದೊಂದು ಕಾರಿಗೂ 25-30 ಸೆಕೆಂಡು ಹಿಡಿದು, ಆ ಸಂಖ್ಯೆ 120-140ಕ್ಕೆ ಕುಸಿಯುತ್ತದೆ, ಸಾಲು ಹೆದ್ದಾರಿಯವರೆಗೆ ಬೆಳೆಯುತ್ತದೆ. ನಿಲುಗಡೆಗೆ ಶುಲ್ಕ ವಿಧಿಸಲೇಬೇಕೆಂದಿದ್ದರೆ ನೋಂದಣಿಯ ವೇಳೆಯಲ್ಲಿಯೇ ಪಡೆದುಕೊಳ್ಳಿ, ಇಲ್ಲವೇ ಕಾರು ನಿಂತ ಮೇಲೆ ಹೊಲದ ಒಳಗೆ ಪಡೆಯಿರಿ. ದ್ವಾರದಲ್ಲಿ ಬೇಡವೇ ಬೇಡ. ಹೊರಡುವಾಗ ರಸ್ತೆಯ ಹರಿವಿಗೆ ಸೇರಿಕೊಳ್ಳಬೇಕಾದ್ದರಿಂದ ದ್ವಾರದ ವೇಗ ಇನ್ನೂ ಕಡಿಮೆಯಾಗುತ್ತದೆ, ಗಂಟೆಗೆ 300 ಕಾರು ಹೊರಬಿದ್ದರೆ ಅದೇ ಹೆಚ್ಚು. ಒಂದೇ ದ್ವಾರವಿದ್ದರೆ ನಿಮ್ಮ 400 ಕಾರುಗಳಲ್ಲಿ ಕೊನೆಯದು ರಸ್ತೆ ಕಾಣಲು ಒಂದು ಗಂಟೆ ಇಪ್ಪತ್ತು ನಿಮಿಷ ಬೇಕು. ಎರಡು ಬೇರೆ ಬೇರೆ ರಸ್ತೆಗಳಿಗೆ ತೆರೆದುಕೊಳ್ಳುವ ಎರಡು ಹೊಲಗಳಿದ್ದರೆ ಅರ್ಧ ಹೊತ್ತು ಉಳಿಯುತ್ತದೆ. ಹಾಸನದ ಕಡೆಗೆ ಹೋಗುವವರು ಒಂದು ಕಡೆ, ತಿಪಟೂರಿನ ಕಡೆಗೆ ಹೋಗುವವರು ಇನ್ನೊಂದು ಕಡೆ ನಿಲ್ಲುವಂತೆ ಆಹ್ವಾನ ಪತ್ರಿಕೆಯಲ್ಲಿಯೇ ತಿಳಿಸಿದರೆ ಹೊರಡುವಾಗ ಅಡ್ಡ ಹಾಯುವಿಕೆ ತಪ್ಪುತ್ತದೆ.

ವಾಹನದಿಂದ ಇಳಿದ ಮೇಲೆ ಎಲ್ಲರೂ ಪಾದಚಾರಿಗಳೇ. ಅವರ ಲೆಕ್ಕ ಬೇರೆ, ಮತ್ತು ಪ್ರಾಣದ ಪ್ರಶ್ನೆ ಇರುವುದು ಇಲ್ಲಿಯೇ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಮಾರ್ಗಸೂಚಿ ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 82 ಜನ ಸಾಗಬಲ್ಲರೆಂದು ಹೇಳುತ್ತದೆ; ಮೆಟ್ಟಿಲುಗಳ ಮೇಲೆ ಅದು 66ಕ್ಕೆ ಇಳಿಯುತ್ತದೆ. ಮಕ್ಕಳು, ಅಜ್ಜಿಯರು, ಚೀಲಗಳು ಇರುವ ನಮ್ಮ ಸಮಾರಂಭಗಳಿಗೆ ನಾನು 50ನ್ನೇ ಹಿಡಿಯುತ್ತೇನೆ. ಮೂರು ಮೀಟರ್ ಅಗಲದ ಕಾಲೇಜು ಗೇಟಿನಲ್ಲಿ ನಿಮಿಷಕ್ಕೆ 150 ಜನ, 6,000 ಜನ ಹೊರಬರಲು 40 ನಿಮಿಷ. ಅದೇ ಗೇಟಿನಿಂದ ಅತಿಥಿಗಳ ಕಾರೂ ಹೋಗಬೇಕು, ಒಳಬರುವವರೂ ಬರಬೇಕು ಎಂದಾದರೆ ಈ ಲೆಕ್ಕವೆಲ್ಲ ವ್ಯರ್ಥ. ಜರ್ಮನಿಯ ಡೂಯಿಸ್‌ಬರ್ಗ್ ನಗರದಲ್ಲಿ 2010ರಲ್ಲಿ ನಡೆದ ಸಂಗೀತೋತ್ಸವದಲ್ಲಿ ಒಳಹೋಗುವವರಿಗೂ ಹೊರಬರುವವರಿಗೂ ಒಂದೇ ಇಳಿಜಾರು ದಾರಿ ಇತ್ತು. ಅಲ್ಲಿ ಸಿಲುಕಿ 21 ಜನ ಸತ್ತರು. ಹೀಗಾಗಿ ಕಾಲೇಜಿನ ಕಾಂಪೌಂಡಿನಲ್ಲಿ ಇನ್ನೊಂದು ಗೇಟು ಇಲ್ಲದಿದ್ದರೆ ಪ್ರಾಂಶುಪಾಲರ ಒಪ್ಪಿಗೆ ಪಡೆದು, ಗೋಡೆಯ ಒಂದು ಭಾಗವನ್ನು ತಾತ್ಕಾಲಿಕವಾಗಿ ತೆರೆಸುವ ಬಗ್ಗೆ ಗಂಭೀರವಾಗಿ ಯೋಚಿಸಿ.

ನಮ್ಮದೇ ರಾಜ್ಯದ ದುಃಖವೂ ಇನ್ನೂ ಹಸಿಯಾಗಿಯೇ ಇದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ದ್ವಾರಗಳ ಬಳಿ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಆ ಸಂಜೆ ಕಬ್ಬನ್ ಪಾರ್ಕ್ ಮತ್ತು ವಿಧಾನಸೌಧ ನಿಲ್ದಾಣಗಳಲ್ಲಿ ಮೆಟ್ರೊ ನಿಲುಗಡೆಯನ್ನೇ ರದ್ದುಪಡಿಸಬೇಕಾಯಿತು. ಸಾರಿಗೆಯನ್ನು ಯೋಜಿಸುವವರು ಇದರಿಂದ ಗ್ರಹಿಸಬೇಕಾದ್ದು ಒಂದಿದೆ. ತುಂಬಿದ ಮೆಟ್ರೊ ರೈಲೊಂದು ಸಾವಿರಕ್ಕೂ ಹೆಚ್ಚು ಜನರನ್ನು ತರಬಲ್ಲದು, ಅಂಥ ರೈಲು ಕೆಲವೇ ನಿಮಿಷಗಳಿಗೊಮ್ಮೆ ಬರುತ್ತದೆ. ದ್ವಾರಗಳು ಅಷ್ಟು ವೇಗದಲ್ಲಿ ಜನರನ್ನು ಒಳಗೆ ಬಿಟ್ಟುಕೊಳ್ಳಲಾರವು. ಸಾರಿಗೆ ಚೆನ್ನಾಗಿದ್ದಷ್ಟೂ ಬಾಗಿಲಲ್ಲಿ ಒತ್ತಡ ಹೆಚ್ಚು. ನಿಮ್ಮ ಬಸ್ಸುಗಳನ್ನು ನಿಯಂತ್ರಿಸುವವರಿಗೂ ಗೇಟಿನಲ್ಲಿ ನಿಂತವರಿಗೂ ನೇರ ಸಂಪರ್ಕವಿರಬೇಕು. ಗೇಟಿನ ಮುಂದೆ ಜನ ಕಟ್ಟಿಕೊಂಡರೆ ನಿಲ್ದಾಣದಲ್ಲಿಯೇ ಬಸ್ಸನ್ನು ಐದು ನಿಮಿಷ ತಡೆಯುವ ಅಧಿಕಾರ ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಇರಬೇಕು. ಅಷ್ಟು ಜನ ಸೇರಿದಾಗ ಮೊಬೈಲ್ ನೆಟ್‌ವರ್ಕ್ ಕೈಕೊಡುವ ಸಂಭವವಿರುವುದರಿಂದ ವಾಕಿಟಾಕಿ ಬಾಡಿಗೆಗೆ ತನ್ನಿ, ಮುಖ್ಯ ಸಂಖ್ಯೆಗಳನ್ನೂ ವೇಳಾಪಟ್ಟಿಯನ್ನೂ ಕಾಗದದಲ್ಲಿ ಅಚ್ಚು ಹಾಕಿಸಿ ಎಲ್ಲ ಸ್ವಯಂಸೇವಕರ ಕೈಗೆ ಕೊಡಿ.

ಹೊರಡುವ ಒತ್ತಡವನ್ನು ಬಸ್ಸಿನಿಂದ ಮಾತ್ರವಲ್ಲ, ಕಾರ್ಯಕ್ರಮ ಪಟ್ಟಿಯಿಂದಲೂ ಇಳಿಸಬಹುದು. ನನ್ನ ಅನುಭವದಲ್ಲಿ ಎರಡು ಹೆಚ್ಚುವರಿ ಬಸ್ಸುಗಳಿಗಿಂತ ಇದೇ ಹೆಚ್ಚು ಫಲ ಕೊಡುತ್ತದೆ. ಸಮಾರೋಪ ನಾಲ್ಕಕ್ಕೆ ಮುಗಿದು, ಅನಂತರ ಹಳೆಯ ವಿದ್ಯಾರ್ಥಿಗಳ ಗಾಯನ, ಕಾಫಿ ತಿಂಡಿ, ತರಗತಿವಾರು ಛಾಯಾಚಿತ್ರ ಇವೆಲ್ಲ ಆರರವರೆಗೆ ನಡೆಯಲಿ. ದೂರದವರು ನಾಲ್ಕಕ್ಕೇ ಹೊರಡುತ್ತಾರೆ, ಊರಿನವರು ಉಳಿಯುತ್ತಾರೆ, ಹೊರಡುವಿಕೆ ಎರಡು ಗಂಟೆಗೆ ಹರಡಿಕೊಳ್ಳುತ್ತದೆ. ಮುಖ್ಯ ಅತಿಥಿಗಳ ಭಾಷಣವನ್ನು ಕೊನೆಗೆ ಇಡಬೇಡಿ. ಅವರ ಬೆಂಗಾವಲು ವಾಹನಗಳು ಹೊರಡುವವರೆಗೆ ರಸ್ತೆ ತಡೆದರೆ ಇಡೀ ಲೆಕ್ಕ ಅಲ್ಲಿಗೆ ನಿಲ್ಲುತ್ತದೆ.

ಸರ್ಕಾರಿ ಬಸ್ಸಿನ ವಿಷಯ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸಾಮಾನ್ಯ ಸಾರಿಗೆಯಲ್ಲಿ ಉಚಿತವಾಗಿ ಪ್ರಯಾಣಿಸುತ್ತಿರುವುದರಿಂದ ಸುತ್ತಲಿನ ಊರುಗಳ ಮಹಿಳೆಯರಲ್ಲಿ ಹೆಚ್ಚಿನವರು ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿಯೇ ಬರುತ್ತಾರೆಂದು ಎಣಿಸಿ. ಅದಕ್ಕಾಗಿ ನೀವು ಖಾಸಗಿ ಬಸ್ಸು ಹಿಡಿಯುವ ಮೊದಲು ಡಿಪೊ ವ್ಯವಸ್ಥಾಪಕರನ್ನು ಕಂಡು, ಸಮಾರಂಭದ ದಿನ ಹೆಚ್ಚುವರಿ ಸರದಿಗಳನ್ನು ಓಡಿಸಲು, ಕಾಲೇಜಿನ ಬಳಿ ತಾತ್ಕಾಲಿಕ ನಿಲುಗಡೆ ಕೊಡಲು ಲಿಖಿತವಾಗಿ ಕೋರಿ. ಜಾತ್ರೆಗಳಿಗೆ ಹೆಚ್ಚುವರಿ ಬಸ್ಸು ಓಡಿಸಿ ಅನುಭವವಿರುವ ಸಂಸ್ಥೆ ಅದು, ಹೀಗೆ ಕೇಳುವುದು ಹೊಸದೇನಲ್ಲ. ನಿಮ್ಮ ಜಿಲ್ಲೆಯಲ್ಲಿಯೇ 2018ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ಅನುಭವವುಳ್ಳ ಅಧಿಕಾರಿಗಳು, ಪೊಲೀಸರು ಇರಬಹುದು. ಅಂಥವರೊಬ್ಬರನ್ನು ಸಮಿತಿಯ ಸಭೆಗೆ ಕರೆದು ಒಂದು ಗಂಟೆ ಕೇಳಿಸಿಕೊಂಡರೆ ಯಾವ ಪುಸ್ತಕದಲ್ಲಿಯೂ ಸಿಗದ ಸಂಗತಿಗಳು ಸಿಗುತ್ತವೆ.

ಅನುಮತಿಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ: ಸ್ಥಳೀಯ ಠಾಣೆಗೂ ಡಿವೈಎಸ್‌ಪಿ ಕಚೇರಿಗೂ ನಕ್ಷೆಯೊಂದಿಗೆ ಪತ್ರ ಕೊಡಿ, ಸಾರ್ವಜನಿಕ ರಸ್ತೆಯಲ್ಲಿ ಸಂಚಾರ ಬದಲಿಸಬೇಕಿದ್ದರೆ ಜಿಲ್ಲಾಡಳಿತದ ಆದೇಶ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಆಂಬುಲೆನ್ಸಿಗಾಗಿ ವೇದಿಕೆಯಿಂದ ಮುಖ್ಯ ರಸ್ತೆಯವರೆಗೆ ನಾಲ್ಕು ಮೀಟರ್ ಅಗಲದ ದಾರಿಯನ್ನು ಇಡೀ ದಿನ ಖಾಲಿ ಬಿಡಿ, ಅದರ ಎರಡೂ ತುದಿಗಳಲ್ಲಿ ಎನ್‌ಸಿಸಿ ಅಥವಾ ಎನ್ನೆಸ್ಸೆಸ್ ವಿದ್ಯಾರ್ಥಿಗಳನ್ನು ಸರದಿಯ ಮೇಲೆ ನಿಲ್ಲಿಸಿ. ನಡೆಯಲಾಗದವರನ್ನು ವೇದಿಕೆಯ ಹತ್ತಿರವೇ ಇಳಿಸಿ ಹೋಗಲು ಒಂದು ಪ್ರತ್ಯೇಕ ಜಾಗವಿರಲಿ; ಸುವರ್ಣ ಮಹೋತ್ಸವವೆಂದ ಮೇಲೆ ಮೊದಲ ತಂಡದ ವಿದ್ಯಾರ್ಥಿಗಳಿಗೇ ಎಪ್ಪತ್ತರ ಹತ್ತಿರ ವಯಸ್ಸಾಗಿರುತ್ತದೆ, ಅವರ ಅಧ್ಯಾಪಕರಿಗೆ ಇನ್ನೂ ಹೆಚ್ಚು.

ಈಗ ಮದುವೆಯ ವಿಷಯಕ್ಕೆ ಬರುತ್ತೇನೆ. ದಿಬ್ಬಣದ ಸಾರಿಗೆಯನ್ನು ದೊಡ್ಡ ಸಮಾರಂಭದ ಕಿರಿದಾದ ರೂಪವೆಂದು ತಿಳಿಯಬಾರದು. ಆರು ಸಾವಿರ ಜನರಲ್ಲಿ ನಿಮಗೆ ಗೊತ್ತಿರುವುದು ಸಂಖ್ಯೆ ಮಾತ್ರ. ಅಲ್ಲಿ ಹರಿವನ್ನು ಲೆಕ್ಕ ಹಾಕಬೇಕು. ನೂರೆಂಬತ್ತು ಜನರಲ್ಲಿ ಪ್ರತಿಯೊಬ್ಬರ ಹೆಸರೂ ಗೊತ್ತು. ಯಾರಿಗೆ ಘಾಟಿಯಲ್ಲಿ ವಾಂತಿಯಾಗುತ್ತದೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಕಿಟಕಿಯ ಪಕ್ಕವೇ ಕೂರಬೇಕು ಎಂಬುದೂ ಗೊತ್ತು. ಅಲ್ಲಿ ಸೂತ್ರಕ್ಕಿಂತ ಹೆಸರಿನ ಪಟ್ಟಿ ಮುಖ್ಯ. ವಾಹನಕ್ಕೊಂದು ಪಟ್ಟಿ ಮಾಡಿ, ಒಬ್ಬ ಜವಾಬ್ದಾರರನ್ನು ನೇಮಿಸಿ, ಹೊರಡುವಾಗಲೂ ದಾರಿಯಲ್ಲಿ ಕಾಫಿಗೆ ನಿಲ್ಲಿಸಿದಾಗಲೂ ಮರಳುವಾಗಲೂ ಅವರು ಹೆಸರು ಕರೆದೇ ಎಣಿಸಲಿ. ವಾಹನ ಬದಲಿಸುವವರು ಇಬ್ಬರು ಜವಾಬ್ದಾರರಿಗೂ ಹೇಳಿಯೇ ಬದಲಿಸಬೇಕು. ‘ಆ ಬಸ್ಸಿನಲ್ಲಿ ಬಂದಿರಬೇಕು’ ಎಂಬ ಊಹೆಯಿಂದಲೇ ಮಕ್ಕಳೂ ಮುದುಕರೂ ಛತ್ರದಲ್ಲಿ ಉಳಿದುಬಿಡುವುದು.

180 ಜನರಿಗೆ ಮೂರು ದೊಡ್ಡ ಬಸ್ಸು, ಎರಡು ಟಿ.ಟಿ. (ಟೆಂಪೊ ಟ್ರಾವೆಲರ್), ನಾಲ್ಕು ಕಾರುಗಳನ್ನು ನಾನು ಸೂಚಿಸುತ್ತೇನೆ. ಬಸ್ಸಿಗೆ 45, ಟಿ.ಟಿ.ಗೆ 13, ಉಳಿದವರು ಕಾರುಗಳಲ್ಲಿ. ನಾಲ್ಕು ಬಸ್ಸುಗಳಲ್ಲಿಯೇ ಎಲ್ಲರನ್ನೂ ಕೂರಿಸಿದರೆ ಬಾಡಿಗೆ ಸ್ವಲ್ಪ ಉಳಿಯಬಹುದು, ಆದರೆ ಒಂದು ಬಸ್ಸು ಕೆಟ್ಟರೆ ಕಾಲು ಭಾಗದ ದಿಬ್ಬಣ ರಸ್ತೆಯಲ್ಲಿ ನಿಲ್ಲುತ್ತದೆ. ಚಿಕ್ಕ ವಾಹನಗಳಿದ್ದರೆ ಅವು ಮರಳಿ ಹೋಗಿ ಜನರನ್ನು ಕರೆತರಬಲ್ಲವು, ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಓಡಬಲ್ಲವು, ಮುಂಚೆ ಹೊರಡಬೇಕಾದವರನ್ನು ಕರೆದೊಯ್ಯಬಲ್ಲವು.

ಅರಸೀಕೆರೆಯಿಂದ ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಧರ್ಮಸ್ಥಳ, ಉಜಿರೆಯ ಮೂಲಕ ಬೆಳ್ತಂಗಡಿಗೆ ಸುಮಾರು 170 ಕಿ.ಮೀ. ಬಸ್ಸಿನಲ್ಲಿ ಒಂದು ನಿಲುಗಡೆ ಸೇರಿ ಐದು ಗಂಟೆಗೆ ಕಡಿಮೆಯಿಲ್ಲ. ಧಾರೆಯ ಮುಹೂರ್ತ ಬೆಳಿಗ್ಗೆ ಹನ್ನೊಂದೂವರೆಗೆ ಇದ್ದರೆ ನಸುಕಿನ ನಾಲ್ಕಕ್ಕೆ ಹೊರಟರೆ ಆಯಿತೆಂದು ಬಂಧುಗಳು ಹೇಳುವುದು ಖಂಡಿತ. ಜೂನ್ ತಿಂಗಳಲ್ಲಿ ಆ ಸಲಹೆಯನ್ನು ಒಪ್ಪಬೇಡಿ. ಆ ಹೊತ್ತಿಗೆ ಮುಂಗಾರು ಘಾಟಿಯನ್ನು ಮುಟ್ಟಿರುತ್ತದೆ. ಶಿರಾಡಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತ ಉದಾಹರಣೆಗಳು ಮಳೆಗಾಲದಲ್ಲಿ ಮತ್ತೆ ಮತ್ತೆ ಆಗಿವೆ, ಇನ್ನೊಂದು ದಾರಿಯಾದ ಚಾರ್ಮಾಡಿ ಘಾಟಿಯಲ್ಲಿ ಭಾರಿ ವಾಹನಗಳಿಗೆ ಜಿಲ್ಲಾಡಳಿತ ಆಗಾಗ ನಿರ್ಬಂಧ ಹೇರುತ್ತದೆ. ಒಂದು ದಾರಿ ಮುಚ್ಚಿದರೆ ಸುತ್ತಿ ಬರಲು ಗಂಟೆಗಟ್ಟಲೆ ಹೆಚ್ಚಾಗುತ್ತದೆ. ಆದ್ದರಿಂದ ಹಿಂದಿನ ದಿನ ಮಧ್ಯಾಹ್ನವೇ ಹೊರಟು, ಬೆಳಕಿರುವಾಗಲೇ ಘಾಟಿ ಇಳಿದು, ರಾತ್ರಿ ಅಲ್ಲಿಯೇ ತಂಗುವ ವ್ಯವಸ್ಥೆ ಮಾಡಿಕೊಳ್ಳಿ. ಎಲ್ಲರನ್ನೂ ತಂಗಿಸಲು ಅನುಕೂಲವಿಲ್ಲದಿದ್ದರೆ ಮುಹೂರ್ತಕ್ಕೆ ಇರಲೇಬೇಕಾದವರಾದರೂ, ಅಂದರೆ ವರ, ನೀವು ದಂಪತಿ, ಸೋದರಮಾವ, ನಿಮ್ಮ ಕಡೆಯ ಪುರೋಹಿತರು, ತಾಳಿ ಮತ್ತು ಸೀರೆಯ ಪೆಟ್ಟಿಗೆ, ಹಿಂದಿನ ಸಂಜೆಯೇ ಬೆಳ್ತಂಗಡಿಯಲ್ಲಿ ಇರಲಿ. ಉಳಿದವರು ಬೆಳಿಗ್ಗೆ ಬರುವಾಗ ಒಂದು ಗಂಟೆ ತಡವಾದರೂ ಕಾರ್ಯ ನಿಲ್ಲುವುದಿಲ್ಲ. ಮುಹೂರ್ತ ಮೀರುತ್ತದೆಂಬ ಭಯದಿಂದ ಚಾಲಕನನ್ನು ಘಾಟಿಯ ತಿರುವುಗಳಲ್ಲಿ ಅವಸರಪಡಿಸುವ ಸಂದರ್ಭ ಎಂದಿಗೂ ಬರಬಾರದು.

ಬಾಡಿಗೆ ಮಾತನಾಡುವಾಗ ಕಿ.ಮೀ. ದರವೊಂದನ್ನೇ ಹೋಲಿಸಿ ನೋಡಬೇಡಿ. ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ. ಎಂದು ಲೆಕ್ಕ ಹಿಡಿಯುತ್ತಾರೆ, ಓಟದ ಲೆಕ್ಕ ನಿಮ್ಮ ಮನೆಯಿಂದಲೋ ಅವರ ಶೆಡ್ಡಿನಿಂದಲೋ, ಚಾಲಕನ ಬಾಟಾ (ದಿನಭತ್ಯೆ), ಟೋಲ್, ರಾತ್ರಿ ತಂಗಿದ ದಿನದ ಶುಲ್ಕ ಇವು ಸೇರಿವೆಯೋ ಪ್ರತ್ಯೇಕವೋ ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ವಾಹನ ಹಳದಿ ಬೋರ್ಡಿನದಾಗಿರಬೇಕು. ಎಫ್‌ಸಿ (ವಾಹನ ಓಡಲು ಯೋಗ್ಯವೆಂಬ ಪ್ರಮಾಣಪತ್ರ), ಪರ್ಮಿಟ್, ವಿಮೆ ಇವು ಮದುವೆಯ ದಿನಾಂಕದಂದು ಚಾಲ್ತಿಯಲ್ಲಿವೆಯೇ ಎಂದು ನೀವೇ ಓದಿ ನೋಡಿ, ಪ್ರತಿ ಇಟ್ಟುಕೊಳ್ಳಿ. ಪರಿಚಯದವರ ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಪಡೆದರೆ, ಅಥವಾ ಆರ್‌ಟಿಒ ಅನುಮತಿ ಇಲ್ಲದ ಶಾಲಾ ಬಸ್ಸನ್ನು ತಂದರೆ, ಅಪಘಾತವಾದಾಗ ವಿಮೆಯ ಹಣಕ್ಕಾಗಿ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ.

ಇದಕ್ಕಿಂತಲೂ ಘೋರವಾದದ್ದು ಸರಕು ವಾಹನದಲ್ಲಿ ಜನರನ್ನು ಕರೆದೊಯ್ಯುವ ರೂಢಿ. ಬಂಧುಗಳಿಗೆ ಬಸ್ಸು, ಅಡುಗೆಯವರಿಗೆ, ವಾದ್ಯದವರಿಗೆ, ತೋಟದ ಕೆಲಸದವರಿಗೆ ಟೆಂಪೊದ ಹಿಂಭಾಗ ಎಂಬ ಏರ್ಪಾಟನ್ನು ಈಗಲೂ ನೋಡುತ್ತೇವೆ. ಕಾನೂನು ಇದನ್ನು ನಿಷೇಧಿಸಿದೆ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲವೆಂದು ಸುಪ್ರೀಂ ಕೋರ್ಟ್ ಸಹ ಹೇಳಿದೆ. ಕಾನೂನಿನ ಮಾತು ಹಾಗಿರಲಿ, ಆಸನವೂ ಹಿಡಿಕೆಯೂ ಇಲ್ಲದ ಗಾಡಿ ಘಾಟಿಯಲ್ಲಿ ಪಲ್ಟಿಯಾದರೆ ಒಳಗಿದ್ದವರಲ್ಲಿ ಉಳಿಯುವವರು ಕಡಿಮೆ. ನಿಮ್ಮ ಮಗನ ಮದುವೆಗೆ ದುಡಿಯಲು ಬರುವವರ ಹೆಸರೂ ಆಸನದ ಪಟ್ಟಿಯಲ್ಲಿ ಇರಲಿ, ಅದಕ್ಕಾಗಿ ಇನ್ನೊಂದು ಟಿ.ಟಿ. ಬೇಕಾದರೆ ಹಿಡಿಯಿರಿ.

ಚಾಲಕರ ವಿಶ್ರಾಂತಿಯನ್ನು ನಮ್ಮ ಮದುವೆ ಮನೆಗಳಲ್ಲಿ ಯಾರೂ ತಮ್ಮ ಹೊಣೆಯೆಂದು ತಿಳಿಯುವುದಿಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆಯ ದುಡಿಮೆಯ ಮಿತಿಯನ್ನೂ, 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮವನ್ನೂ ವಿಧಿಸಿತ್ತು. ಆದರೆ ನಡೆಯುವುದೇನು? ನಸುಕಿನಲ್ಲಿ ಎದ್ದು ಗಾಡಿ ತಂದವರು ಕೊನೆಯ ಪಂಕ್ತಿಯಲ್ಲಿ ಉಂಡು, ಬಸ್ಸಿನ ಸೀಟಿನಲ್ಲಿಯೇ ಸೆಕೆಯಲ್ಲಿ ಒರಗಿ, ಆರತಕ್ಷತೆ ಮುಗಿದ ಮೇಲೆ ರಾತ್ರಿ ಹತ್ತಕ್ಕೆ ಮಳೆ ಮಂಜಿನಲ್ಲಿ ಘಾಟಿ ಹತ್ತುತ್ತಾರೆ. ನಲವತ್ತೈದು ಜನರ ಜೀವ ಒಬ್ಬ ದಣಿದ ಮನುಷ್ಯನ ರೆಪ್ಪೆಯ ಮೇಲಿರುತ್ತದೆ. ಚಾಲಕರಿಗೆ ಫ್ಯಾನಿರುವ ಪ್ರತ್ಯೇಕ ಕೋಣೆ ಕೊಡಿ, ಮೊದಲ ಪಂಕ್ತಿಯಲ್ಲಿಯೇ ಊಟ ಹಾಕಿಸಿ, ಮಧ್ಯಾಹ್ನ ಮೂರು ಗಂಟೆ ಯಾರೂ ಅವರನ್ನು ‘ಇಲ್ಲೇ ಹತ್ತಿರ ಬಿಟ್ಟು ಬನ್ನಿ’ ಎಂದು ಎಬ್ಬಿಸದಂತೆ ನೋಡಿಕೊಳ್ಳಲು ಒಬ್ಬರಿಗೆ ಹೇಳಿ. ಮರಳುವ ಬಸ್ಸುಗಳು ಸಂಜೆ ನಾಲ್ಕಕ್ಕೆ ಮುಂಚೆಯೇ ಹೊರಟರೆ ಬೆಳಕಿನಲ್ಲಿ ಘಾಟಿ ದಾಟಬಹುದು. ಅಷ್ಟರಲ್ಲಿ ಹೊರಡಲಾಗದಿದ್ದರೆ ಬಸ್ಸಿಗಿಬ್ಬರು ಚಾಲಕರನ್ನು ಕೇಳಿ ಪಡೆಯಿರಿ. ಘಾಟಿಯ ರಸ್ತೆ ಗೊತ್ತಿರುವ ಚಾಲಕರೇ ಬೇಕೆಂದು ಮಾಲೀಕರಿಗೆ ಮೊದಲೇ ತಿಳಿಸಿ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಂಥ ಕಡೆಯಲ್ಲಿಯೂ ಹೊರ ಊರುಗಳಿಂದ ಕರೆತಂದ ಬಸ್ ಚಾಲಕರಿಗೆ ನಗರದ ದಾರಿ ತಿಳಿಯದೆ ಸಾರಿಗೆ ಎಡವಟ್ಟಾಗಿತ್ತು. ಬಸ್ಸುಗಳ ಕೊರತೆಗಿಂತ ದಾರಿಯ ಪರಿಚಯದ ಕೊರತೆ ಕೆಲವೊಮ್ಮೆ ಹೆಚ್ಚು ಕೆಡಿಸುತ್ತದೆ.

ಇನ್ನು ದಿನಗಳ ಲೆಕ್ಕ. ರೈಲು ಟಿಕೆಟ್ ಕಾಯ್ದಿರಿಸುವಿಕೆ 2024ರ ನವೆಂಬರ್‌ನಿಂದ 120 ದಿನಗಳ ಬದಲು 60 ದಿನ ಮೊದಲು ತೆರೆಯುತ್ತದೆ. ಆದ್ದರಿಂದ ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ಹಳೆಯ ವಿದ್ಯಾರ್ಥಿಗಳಿಗೆ ಸಮಾರಂಭದ ನಿಖರ ದಿನಾಂಕವೂ ಸಂಜೆಯ ಕಾರ್ಯಕ್ರಮ ಮುಗಿಯುವ ಹೊತ್ತೂ ಕನಿಷ್ಠ 75 ದಿನ ಮುಂಚೆ ತಲುಪಬೇಕು. ಡಿಪೊಗೆ, ಪೊಲೀಸರಿಗೆ, ಅಗ್ನಿಶಾಮಕ ಠಾಣೆಗೆ ಪತ್ರಗಳು ಎರಡು ತಿಂಗಳ ಮುಂಚೆ ಹೋಗಲಿ. ಸಮಾರಂಭಕ್ಕೆ ಎರಡು ವಾರ ಇರುವಾಗ ನಿಲ್ದಾಣದಿಂದ ಕಾಲೇಜಿಗೆ ಸಂಜೆಯ ಹೊತ್ತಿನಲ್ಲಿ ಒಂದು ಬಸ್ಸನ್ನು ನಿಜವಾಗಿ ಓಡಿಸಿ ನೋಡಿ. ನಾನು ಮೇಲೆ ಹಿಡಿದ 12 ನಿಮಿಷ ನಿಮ್ಮ ರಸ್ತೆಯಲ್ಲಿ 16 ಆದರೆ ಒಂದು ಸುತ್ತು 44 ನಿಮಿಷವಾಗುತ್ತದೆ, ಎರಡನೆಯ ಟ್ರಿಪ್ 68ನೆಯ ನಿಮಿಷಕ್ಕೆ ತಲುಪುತ್ತದೆ, ಏಳು ಬಸ್ಸು ಸಾಲುವುದಿಲ್ಲ. ಮದುವೆಯ ಬಸ್ಸುಗಳನ್ನು ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮುನ್ನವೇ ಗೊತ್ತುಮಾಡಿ, ಒಳ್ಳೆಯ ಮುಹೂರ್ತಗಳಂದು ಎಲ್ಲರಿಗೂ ಅವೇ ಬಸ್ಸುಗಳು ಬೇಕಾಗುತ್ತವೆ. ಹೊರಡುವ ಎರಡು ದಿನ ಮುಂಚಿನಿಂದ ಹಾಸನ ಮತ್ತು ದಕ್ಷಿಣ ಕನ್ನಡ ಜಿಲ್ಲಾಡಳಿತಗಳ ಸಂಚಾರ ಆದೇಶಗಳನ್ನು ದಿನವೂ ವಿಚಾರಿಸುತ್ತಿರಿ, ಬದಲಿ ದಾರಿ ಯಾವುದೆಂದು ಚಾಲಕರೊಂದಿಗೆ ಕುಳಿತು ಮೊದಲೇ ತೀರ್ಮಾನಿಸಿಕೊಳ್ಳಿ.